ಮದ್ದಿನ ಮನೆಯಿಂದ ಮ್ಯೂಸಿಯಮ್ಮಿಗೆ: ತರಂಗಂಬಾಡಿಯ ಡೇನರ ಕೋಟೆ

(ಉಪನ್ಯಾಸವೊಂದರ ಪಠ್ಯ)

ಕೋಟೆಯನ್ನು ಕಟ್ಟುವುದು ಹೊರಗಿನವರು ಒಳಗೆ ಬಾರದಿರಲಿ ಎಂದು. ವಸ್ತುಸಂಗ್ರಹಾಲಯವನ್ನು ತೆರೆಯುವುದು ಹೊರಗಿನವರೆಲ್ಲ ಒಳಗೆ ಬರಲಿ ಎಂದು. ಒಂದೇ ಕಟ್ಟಡ ಈ ಎರಡು ವಿರುದ್ಧ ಕೆಲಸಗಳನ್ನು ಒಂದಾದ ಮೇಲೊಂದರಂತೆ ಮಾಡಬೇಕಾಗಿ ಬಂದರೆ ಏನಾಗುತ್ತದೆ? ಇಂದಿನ ಮಾತು ಈ ಪ್ರಶ್ನೆಯ ಸುತ್ತ. ಉದಾಹರಣೆಗೆ ಆರಿಸಿಕೊಂಡಿರುವುದು ತಮಿಳುನಾಡಿನ ತರಂಗಂಬಾಡಿಯ ಡಾನ್ಸ್‌ಬೋರ್ಗ್ ಕೋಟೆಯನ್ನು. ಕಾರೈಕಾಲಿಗೆ ತುಸು ಉತ್ತರಕ್ಕೆ, ಬಂಗಾಳ ಕೊಲ್ಲಿಯ ದಂಡೆಯ ಮೇಲೆಯೇ ಅದು ನಿಂತಿದೆ. ಕಟ್ಟಿದವರು ಡೆನ್ಮಾರ್ಕ್ ದೇಶದವರು. ಕಟ್ಟಲು ತೊಡಗಿದ ವರ್ಷ 1620. ಈಗ ಅದು ತಮಿಳುನಾಡು ಸರ್ಕಾರದ ಪುರಾತತ್ವ ಇಲಾಖೆಯ ವಶದಲ್ಲಿರುವ ಒಂದು ಪುಟ್ಟ ಮ್ಯೂಸಿಯಂ.

ಡೇನರೂ ಭಾರತಕ್ಕೆ ಬಂದಿದ್ದರೇ ಎಂದು ಸಭಿಕರಲ್ಲಿ ಕೆಲವರಿಗೆ ಅಚ್ಚರಿಯಾಗಬಹುದು. ಶಾಲೆಯ ಪಾಠಗಳಲ್ಲಿ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು, ಫ್ರೆಂಚರು ಬಂದುಹೋದ ಮೇಲೆ ಡೇನರ ಹೆಸರು ಒಂದು ಸಾಲಿನಲ್ಲಿ ಮುಗಿಯುತ್ತದೆ. ಅವರು ಇಲ್ಲಿ ಯಾವ ರಾಜ್ಯವನ್ನೂ ಗೆಲ್ಲಲಿಲ್ಲ, ಯಾವ ಸಿಂಹಾಸನವನ್ನೂ ಉರುಳಿಸಲಿಲ್ಲ. ಆದರೂ ತರಂಗಂಬಾಡಿಯಲ್ಲಿ ಅವರ ಧ್ವಜ 1620ರಿಂದ 1845ರವರೆಗೆ, ಅಂದರೆ 225 ವರ್ಷ ಹಾರಾಡಿತು. ಅಷ್ಟು ದೀರ್ಘಕಾಲ ಅಲ್ಲಿ ಉಳಿಯಲು ಅವರಿಗೆ ಆಸರೆಯಾದದ್ದು ಈ ಒಂದು ಕೋಟೆ. ಯುರೋಪಿಯನ್ನರು ಅದನ್ನು ಟ್ರಾಂಕೆಬಾರ್ ಎಂದು ಕರೆದರು. ತರಂಗಂಬಾಡಿ ಎಂದರೆ ಅಲೆಗಳು ಹಾಡುವ ಊರು ಎಂದು ತಮಿಳರು ಅರ್ಥ ಹೇಳುತ್ತಾರೆ. ಊರಿನ ಮಾಸಿಲಾಮಣಿನಾಥ ದೇವಾಲಯದ 1306ರ ಪಾಂಡ್ಯ ಶಾಸನದಲ್ಲಿ ಅದರ ಹೆಸರು ಸಡಂಗನ್‌ಪಾಡಿ ಎಂದಿದೆ. ಡೇನರು ಬರುವುದಕ್ಕೆ ಮೂರು ಶತಮಾನ ಮೊದಲೇ ಅದೊಂದು ಬಂದರಾಗಿತ್ತು, ದೇವಾಲಯವಿದ್ದ ಊರಾಗಿತ್ತು ಎಂಬುದನ್ನು ಮೊದಲೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

ಸಿಂಹಳಕ್ಕೆ ಹೊರಟವರು ತಂಜಾವೂರಿಗೆ ಬಂದದ್ದು

ಡೇನರ ಈಸ್ಟ್ ಇಂಡಿಯಾ ಕಂಪೆನಿ ಹುಟ್ಟಿದ್ದು 1616ರಲ್ಲಿ, ನಾಲ್ಕನೆಯ ಕ್ರಿಶ್ಚಿಯನ್ ದೊರೆಯ ಕಾಲದಲ್ಲಿ. ಇಂಗ್ಲಿಷರು, ಡಚ್ಚರು ಮೆಣಸಿನ ವ್ಯಾಪಾರದಲ್ಲಿ ಗಳಿಸುತ್ತಿದ್ದ ಲಾಭವನ್ನು ಕಂಡು ಅವನಿಗೂ ಆಸೆ ಹುಟ್ಟಿತ್ತು. ಅದೇ ಸಮಯಕ್ಕೆ ಬೋಷೋವರ್ ಎಂಬ ಡಚ್ಚನೊಬ್ಬ ಕೋಪನ್‌ಹೇಗನ್ನಿಗೆ ಬಂದು, ತಾನು ಸಿಂಹಳದ ದೊರೆಯ ಪ್ರತಿನಿಧಿಯೆಂದೂ, ಪೋರ್ಚುಗೀಸರ ವಿರುದ್ಧ ನೆರವಿತ್ತರೆ ಆ ದ್ವೀಪದ ವ್ಯಾಪಾರವೆಲ್ಲ ಡೇನರದಾಗುವುದೆಂದೂ ನಂಬಿಸಿದ. 1618ರಲ್ಲಿ ಹಡಗುಗಳು ಹೊರಟವು. ಅವುಗಳ ಮುಖ್ಯಸ್ಥ ಓವ್ ಗೆಡ್ಡೆಗೆ ಆಗ ಕೇವಲ 24 ವರ್ಷ. ಒಂದೂವರೆ ವರ್ಷ ಹಿಡಿದ ಆ ಪ್ರಯಾಣದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರೋಗದಿಂದ ಸತ್ತರು. ಬೋಷೋವರನೂ ದಾರಿಯಲ್ಲೇ ತೀರಿಕೊಂಡ. ಸಿಂಹಳ ತಲುಪಿ ನೋಡಿದರೆ ಕ್ಯಾಂಡಿಯ ದೊರೆ ಅಷ್ಟರಲ್ಲಿ ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡಿದ್ದ. ನಂಬಿ ಬಂದ ಕೆಲಸ ಕೈಗೂಡಲಿಲ್ಲ.

ಇತ್ತ, ಮುಂಚಿತವಾಗಿ ಬಂದಿದ್ದ ಇನ್ನೊಂದು ಡೇನಿಷ್ ಹಡಗನ್ನು ಪೋರ್ಚುಗೀಸರು ಕಾರೈಕಾಲಿನ ಬಳಿ ಮುಳುಗಿಸಿದ್ದರು. ಸೆರೆಸಿಕ್ಕ ಕೆಲವರ ತಲೆ ಕಡಿದು, ಮಿಕ್ಕವರಿಗೆ ಪಾಠವಾಗಲೆಂದು ಕಡಲ ದಂಡೆಯಲ್ಲಿ ಶೂಲಕ್ಕೆ ಸಿಕ್ಕಿಸಿ ನಿಲ್ಲಿಸಿದ್ದರು. ಆ ಹಡಗಿನ ನಾಯಕ ರೋಲಂಡ್ ಕ್ರಾಪೆ ಕೆಲವರೊಡನೆ ಪಾರಾಗಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನ ಸೇರಿದ. ಡೇನರಿಗೆ ನೆಲೆ ಸಿಕ್ಕಿದ್ದು ಅವನ ಮೂಲಕ. 1620ರ ನವೆಂಬರ್‌ನಲ್ಲಿ ಒಪ್ಪಂದವಾಯಿತು. ವರ್ಷಕ್ಕೆ ಇಂತಿಷ್ಟು ಕಪ್ಪ ಕೊಟ್ಟು ತರಂಗಂಬಾಡಿಯನ್ನು ಇಟ್ಟುಕೊಳ್ಳಲು, ಅಲ್ಲಿ ಕೋಟೆ ಕಟ್ಟಿಕೊಳ್ಳಲು ನಾಯಕ ಅನುಮತಿ ಕೊಟ್ಟ. ಡೆನ್ಮಾರ್ಕಿನ ದೊರೆಗೆ ಅವನು ಚಿನ್ನದ ತಗಡಿನ ಮೇಲೆ ಬರೆಸಿ ಕಳಿಸಿದ ಪತ್ರ ಈಗಲೂ ಕೋಪನ್‌ಹೇಗನ್ನಿನ ಪತ್ರಾಗಾರದಲ್ಲಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಡೇನರು ಈ ನೆಲವನ್ನು ಗೆದ್ದವರಲ್ಲ, ಗೇಣಿಗೆ ಪಡೆದವರು. ಕೋಟೆ ಅವರದು, ನೆಲ ತಂಜಾವೂರಿನದು.

ಈ ತಂಜಾವೂರಿನ ಆಸ್ಥಾನ ಕನ್ನಡಿಗರಿಗೆ ಅಪರಿಚಿತವೇನಲ್ಲ. ನಾಯಕರು ಮೂಲತಃ ವಿಜಯನಗರದ ಅಧೀನದಲ್ಲಿದ್ದವರು. ವಿಜಯನಗರದ ಗದ್ದುಗೆಗಾಗಿ ನಡೆದ ಅಂತಃಕಲಹದಲ್ಲಿ ಬಾಲಕ ರಾಮದೇವರಾಯನ ಪರವಾಗಿ ತೋಪ್ಪೂರಿನಲ್ಲಿ ಯುದ್ಧ ಮಾಡಿ ಗೆದ್ದವನು ಇದೇ ರಘುನಾಥ ನಾಯಕ. ಡೇನರು ಬಂದದ್ದು ಅದಾದ ಮೂರು ನಾಲ್ಕು ವರ್ಷಗಳಲ್ಲಿ. ಅವನ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮೂಲದ ವಿದ್ವಾಂಸರು. ಅವರ ಮಗ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ 72 ಮೇಳಗಳ ಲೆಕ್ಕವನ್ನು ಹಾಕಿಕೊಟ್ಟವರು. ಕರ್ನಾಟಕ ಸಂಗೀತ ಕೇಳುವ ಯಾರಿಗೂ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಒಂದೆಡೆ ರಾಗಗಳ ಲೆಕ್ಕ, ಇನ್ನೊಂದೆಡೆ ಕಡಲ ದಂಡೆಯಲ್ಲಿ ಮೆಣಸಿನ ಮೂಟೆಗಳ ಲೆಕ್ಕ: ಎರಡೂ ಒಂದೇ ನಾಡಿನಲ್ಲಿ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ನಡೆದವು.

ಕೆಳಗೆ ಮೆಣಸು, ಮೇಲೆ ಪ್ರಾರ್ಥನೆ

ಇನ್ನು ಕಟ್ಟಡದ ಮಾತು. ಸುತ್ತಲೂ ಬುರುಜುಗಳಿರುವ ಹೊರಗೋಡೆ. ಆ ಕಾಲದಲ್ಲಿ ಅದರಾಚೆ ನೀರಿನ ಕಂದಕ. ಕಂದಕವನ್ನು ದಾಟಲು ಬೇಕೆಂದಾಗ ಎತ್ತಿಬಿಡಬಹುದಾದ ಸೇತುವೆ. ಈ ಕಂದಕವಾಗಲಿ ಸೇತುವೆಯಾಗಲಿ ಈಗ ಇಲ್ಲ. ಒಳಗಿನ ಅಂಗಳದಲ್ಲಿ, ಕಡಲ ಕಡೆಗೆ, ಎರಡಂತಸ್ತಿನ ಮುಖ್ಯ ಕಟ್ಟಡವಿದೆ. ಕೆಳಗಿನ ಅಂತಸ್ತು ಗಟ್ಟಿ ಗೋಡೆಗಳ, ಬೆಳಕು ಕಡಿಮೆಯಿರುವ ಕೋಣೆಗಳ ಸಾಲು. ಮದ್ದುಗುಂಡು, ವ್ಯಾಪಾರದ ಸರಕು, ಬಿಯರ್ ಮತ್ತು ದ್ರಾಕ್ಷಾರಸದ ಪೀಪಾಯಿ ಎಲ್ಲವೂ ಅಲ್ಲಿ. ಸಿಪಾಯಿಗಳ ವಾಸವೂ ಕೈದಿಗಳ ಕೋಣೆಯೂ ಕೆಳಗೇ. ಮೇಲಿನ ಅಂತಸ್ತಿನಲ್ಲಿ ಗವರ್ನರ್, ಹಿರಿಯ ವರ್ತಕರು, ಪಾದ್ರಿ. ಜತೆಗೆ ಪ್ರಾರ್ಥನೆಗೊಂದು ಕೋಣೆ. ಒಂದು ಕಂಪೆನಿಯ ಇಡೀ ಸಂಸಾರ ಒಂದೇ ಸೂರಿನಡಿ ಇತ್ತು ಎನ್ನಬಹುದು. ಯಾರು ಎಲ್ಲಿ ಮಲಗುತ್ತಿದ್ದರು ಎಂಬುದನ್ನು ತಿಳಿದರೆ ಯಾರ ಸ್ಥಾನ ಏನು ಎಂಬುದೂ ತಿಳಿಯುತ್ತದೆ.

ಮೇಲಂತಸ್ತಿನ ಛಾವಣಿ ನೋಡತಕ್ಕದ್ದು. ಒಂಟೆಯ ಡುಬ್ಬದಂತೆ ಉಬ್ಬಿದ ಕಮಾನುಗಳು ನಡುವಿನ ಕಂಬಕ್ಕೆ ಭಾರವನ್ನಿಳಿಸುತ್ತವೆ. ದಪ್ಪನೆಯ ತೊಲೆಗಳಿಲ್ಲದೆ, ಇಟ್ಟಿಗೆ ಗಾರೆಗಳಲ್ಲೇ ಅಗಲವಾದ ಕೋಣೆಯನ್ನು ಮುಚ್ಚುವ ವಿಧಾನ ಇದು. ನಕ್ಷೆ ಡೆನ್ಮಾರ್ಕಿನ ಕೋಟೆಗಳದ್ದಾದರೂ ಗೋಡೆಯನ್ನೆತ್ತಲು ಊರಿನ ಕೈಗಳಿಲ್ಲದೆ ಆಗುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನರನ್ನು ದಾರಿಯಲ್ಲೇ ಕಳೆದುಕೊಂಡು ಬಂದ ಹಡಗಿನವರು ಇಷ್ಟು ದೊಡ್ಡ ಕಟ್ಟಡವನ್ನು ತಾವೇ ಎಬ್ಬಿಸಿದರು ಎಂದು ನಂಬುವುದು ಕಷ್ಟ. ಡೇನರು ಕಟ್ಟಿದ ಕೋಟೆಗಳಲ್ಲಿ, ಡೆನ್ಮಾರ್ಕಿನ ಕ್ರೋನ್‌ಬೋರ್ಗ್ ಕೋಟೆಯನ್ನು ಬಿಟ್ಟರೆ, ಇದೇ ದೊಡ್ಡದೆಂದು ಹೇಳುವ ವಾಡಿಕೆಯಿದೆ.

ಕೋಟೆಯಲ್ಲಿ ಉಳಿದ ಒಬ್ಬನೇ ಡೇನ

ಕೋಟೆಯ ಕಥೆಯಲ್ಲಿ ತೀರ ವಿಚಿತ್ರವಾದ ಅಧ್ಯಾಯ ನಡುವೆ ಬರುತ್ತದೆ. ಯುರೋಪಿನ ಯುದ್ಧಗಳಲ್ಲಿ ಡೆನ್ಮಾರ್ಕ್ ದಿವಾಳಿಯಾಯಿತು. 1640ರ ಸುಮಾರಿಗೆ ತವರಿನಿಂದ ಹಡಗು ಬರುವುದು ನಿಂತಿತು. 1650ರಲ್ಲಿ ಕಂಪೆನಿಯನ್ನೇ ಮುಚ್ಚಿದರು. ಆದರೆ ತರಂಗಂಬಾಡಿಯಲ್ಲಿದ್ದವರಿಗೆ ಮರಳಿ ಹೋಗುವ ದಾರಿಯೇ ಇರಲಿಲ್ಲ. ಒಬ್ಬೊಬ್ಬರಾಗಿ ರೋಗದಿಂದ ತೀರಿಕೊಂಡರು. 1655ರ ಹೊತ್ತಿಗೆ ಕೋಟೆಯಲ್ಲಿ ಉಳಿದ ಡೇನ ಒಬ್ಬನೇ: ಎಸ್ಕಿಲ್ಡ್ ಆಂಡರ್ಸನ್ ಕೋಂಗ್ಸ್‌ಬಕ್ಕೆ. ಅವನು ಸಾಮಾನ್ಯ ಮನೆತನದವನು, ಓದು ಬರಹ ಬಾರದವನು. ಸ್ಥಳೀಯರನ್ನೂ ಪೋರ್ಚುಗೀಸ್ ಮೂಲದವರನ್ನೂ ಕಾವಲಿಗಿಟ್ಟುಕೊಂಡು ಅವನು ಕೋಟೆಯನ್ನು ಹಿಡಿದು ಕೂತ.

ಕಪ್ಪ ಬಾಕಿಯಾಯಿತೆಂದು ತಂಜಾವೂರಿನ ಸೇನೆ ಮತ್ತೆ ಮತ್ತೆ ಬಂದು ಮುತ್ತಿತು. ಅವನು ಕಡಲಿನಲ್ಲಿ ಪರರ ಹಡಗು ಹಿಡಿದು, ಅದರ ಸರಕು ಮಾರಿ, ಆ ಹಣದಿಂದ ಗೋಡೆ ರಿಪೇರಿ ಮಾಡಿದ. ಊರಿನ ಸುತ್ತಲೂ ಗೋಡೆ ಎತ್ತಿಸಿದ. ಕೊನೆಗೆ ನಾಯಕನೊಡನೆ ಒಂದು ರಾಜಿಗೂ ಬಂದ. ಬೇರೆ ದೇಶಗಳ ಹಡಗುಗಳ ಮೂಲಕ ತವರಿಗೆ ವರದಿ ಕಳಿಸುತ್ತಲೇ ಇದ್ದ. 1669ರ ಮೇ ತಿಂಗಳಲ್ಲಿ, 29 ವರ್ಷಗಳ ನಂತರ, ಡೆನ್ಮಾರ್ಕಿನ ಹಡಗೊಂದು ಬಂತು. ಅವನನ್ನೇ ಮುಖ್ಯಸ್ಥನೆಂದು ಒಪ್ಪಿದ ದೊರೆಯ ಆಜ್ಞಾಪತ್ರ ಅದರಲ್ಲಿತ್ತು.

ಇದನ್ನು ಸ್ವಾಮಿನಿಷ್ಠೆಯ ಕಥೆಯಾಗಿ ಹೇಳುವವರಿದ್ದಾರೆ. ಕಡಲುಗಳ್ಳತನದ ಕಥೆಯಾಗಿಯೂ ಹೇಳಬಹುದು. ದರೋಡೆಗೆ ಸಿಕ್ಕ ಹಡಗಿನ ವರ್ತಕರಿಗೆ, ಕಪ್ಪ ಬಾರದ ತಂಜಾವೂರಿಗೆ ಅವನು ವೀರನಾಗಿ ಕಾಣಿಸಿರಲಾರ. ಇದಲ್ಲದೆ ಆ ಶತಮಾನದಲ್ಲಿ ತರಂಗಂಬಾಡಿಯಿಂದ ಬಟ್ಟೆ ಮೆಣಸುಗಳ ಜತೆಗೆ ಗುಲಾಮರನ್ನೂ ಹಡಗಿಗೆ ಹತ್ತಿಸಿದ್ದುಂಟು. ಕೋಟೆಯ ಗೋಡೆ ಇವೆಲ್ಲಕ್ಕೂ ಸಾಕ್ಷಿ. ಅದೇ ಕೋಟೆಯಲ್ಲಿ ಮ್ಯೂಸಿಯಂ ನಡೆಸುವವರು ಈ ಕಥೆಗಳಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

ಮುಂದೆ ತಂಜಾವೂರಿನ ನಾಯಕರ ಆಳ್ವಿಕೆ ಮುಗಿಯಿತು. ಬಿಜಾಪುರದ ಆದಿಲಶಾಹಿಗಳ ಆಜ್ಞೆಯ ಮೇರೆಗೆ ದಂಡೆತ್ತಿ ಹೋದ ಏಕೋಜಿ 1676ರ ಹೊತ್ತಿಗೆ ತಾನೇ ಅಲ್ಲಿಯ ದೊರೆಯಾದ. ಶಹಾಜಿಯ ಮಗನೂ ಶಿವಾಜಿಯ ಮಲತಮ್ಮನೂ ಆದ ಈತ ಅದಕ್ಕೆ ಮೊದಲು ಬೆಂಗಳೂರಿನ ಜಾಗೀರನ್ನು ನೋಡಿಕೊಂಡಿದ್ದವನು. ಅಲ್ಲಿಂದ ಮುಂದೆ ಡೇನರು ಕಪ್ಪ ಒಪ್ಪಿಸಬೇಕಾದದ್ದು ಈ ಮರಾಠ ಮನೆತನಕ್ಕೆ.

ಸೆರೆಮನೆ ಮತ್ತು ಅಚ್ಚುಕೂಟ

1706ರಲ್ಲಿ ಡೆನ್ಮಾರ್ಕಿನ ದೊರೆ ಕಳಿಸಿದ ಇಬ್ಬರು ಜರ್ಮನ್ ಪಾದ್ರಿಗಳು ತರಂಗಂಬಾಡಿಯಲ್ಲಿ ಇಳಿದರು. ಅವರಲ್ಲೊಬ್ಬ ಬಾರ್ತಲೋಮಿಯಸ್ ಸೀಗನ್‌ಬಾಲ್ಗ್. ಮರಳಿನಲ್ಲಿ ಅಕ್ಷರ ತಿದ್ದುವ ಮಕ್ಕಳ ಜತೆ ಕೂತು ಈತ ತಮಿಳು ಕಲಿತ. ಆದರೆ ವ್ಯಾಪಾರಕ್ಕೆ ಬಂದವರಿಗೂ ಧರ್ಮಪ್ರಚಾರಕ್ಕೆ ಬಂದವನಿಗೂ ಹೊಂದಾಣಿಕೆಯಾಗಲಿಲ್ಲ. ಗವರ್ನರ್ ಹಾಸಿಯಸ್‌ನೊಡನೆ ಜಗಳ ಬೆಳೆದು 1708ರ ಕೊನೆಯಲ್ಲಿ ಅವನನ್ನು ಈ ಕೋಟೆಯಲ್ಲೇ ಸೆರೆಯಿಟ್ಟರು. ನಾಲ್ಕು ತಿಂಗಳ ನಂತರ ಬಿಡುಗಡೆಯಾಯಿತು.

ಬಿಡುಗಡೆಯಾದ ಮೇಲೆ ಅವನು ಮಾಡಿದ ಕೆಲಸದಿಂದ ತರಂಗಂಬಾಡಿಯ ಹೆಸರು ದೂರ ಹರಡಿತು. ಇಂಗ್ಲೆಂಡಿನಿಂದ ಅಚ್ಚಿನ ಯಂತ್ರ, ಜರ್ಮನಿಯ ಹಾಲೆಯಿಂದ ತಮಿಳು ಅಚ್ಚುಮೊಳೆಗಳು ಬಂದವು. 1715ರ ಹೊತ್ತಿಗೆ ತಮಿಳಿನಲ್ಲಿ ಹೊಸ ಒಡಂಬಡಿಕೆ ಇಲ್ಲಿ ಅಚ್ಚಾಯಿತು. ಪಕ್ಕದ ಪೊರೈಯಾರಿನಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿತು. ದಕ್ಷಿಣದ ದೇವತೆಗಳನ್ನು ಕುರಿತು ಅವನು ವಿವರವಾದ ಗ್ರಂಥವನ್ನೇ ಬರೆದ. ‘ಪರಧರ್ಮದ ಕಟ್ಟುಕಥೆಗಳನ್ನು ಪ್ರಕಟಿಸಲು ನಿಮ್ಮನ್ನು ಕಳಿಸಿಲ್ಲ’ ಎಂಬ ಧೋರಣೆಯಿಂದ ಯುರೋಪಿನ ಹಿರಿಯರು ಅದನ್ನು ಅಚ್ಚು ಮಾಡಲಿಲ್ಲ. ಅದು ಅಚ್ಚಾದದ್ದು ಒಂದೂವರೆ ಶತಮಾನ ಕಳೆದ ಮೇಲೆ, 1867ರಲ್ಲಿ, ಮದರಾಸಿನಲ್ಲಿ. ಮತಪ್ರಚಾರದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ತಮಿಳು ಮುದ್ರಣದ ಇತಿಹಾಸದಲ್ಲಿ ಈ ಊರಿಗೆ ಒಂದು ಸ್ಥಾನವಿದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಇದೇ ಪರಂಪರೆಯಲ್ಲಿ 1750ರಲ್ಲಿ ತರಂಗಂಬಾಡಿಗೆ ಬಂದವನು ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಸ್. ಹಲವು ಭಾಷೆ ಬಲ್ಲ ಈ ಪಾದ್ರಿಯನ್ನು ಮದರಾಸಿನ ಇಂಗ್ಲಿಷ್ ಸರ್ಕಾರ 1779ರಲ್ಲಿ ಹೈದರ್ ಅಲಿಯ ಮನಸ್ಸನ್ನು ಅರಿತುಬರಲು ಶ್ರೀರಂಗಪಟ್ಟಣಕ್ಕೆ ಕಳಿಸಿತು. ಹೈದರ್ ಅವನನ್ನು ಗೌರವದಿಂದಲೇ ಕಂಡ. ಸಂಧಾನ ಫಲಿಸಲಿಲ್ಲ, ಮರುವರ್ಷವೇ ಎರಡನೆಯ ಮೈಸೂರು ಯುದ್ಧ ಆರಂಭವಾಯಿತು. 1768ರಲ್ಲಿ ಇಲ್ಲಿಗೆ ಬಂದ ಕೋನಿಗ್ ಎಂಬ ವೈದ್ಯ ಲಿನ್ನೇಯಸನ ಶಿಷ್ಯ. ದಕ್ಷಿಣ ಭಾರತದ ಗಿಡಮರಗಳ ಶಾಸ್ತ್ರೀಯ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಅವನೊಬ್ಬ. 1788ರಿಂದ 1806ರವರೆಗೆ ಗವರ್ನರ್ ಆಗಿದ್ದ ಪೀಟರ್ ಆಂಕರ್ ನಾರ್ವೆಯವನು, ಚಿತ್ರಕಾರ. ಮಾಮಲ್ಲಪುರದ ದೇಗುಲಗಳನ್ನೂ ತರಂಗಂಬಾಡಿಯನ್ನೂ ಜಲವರ್ಣದಲ್ಲಿ ಬರೆದಿಟ್ಟ. ಕೋಟೆಯ ಸುತ್ತ ಬೆಳೆದ ಬದುಕು ಕೋಟೆಗಿಂತ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಹನ್ನೆರಡೂವರೆ ಲಕ್ಷದ ಕ್ರಯ

ಹತ್ತೊಂಬತ್ತನೆಯ ಶತಮಾನದಲ್ಲಿ ಡೇನರ ವ್ಯಾಪಾರ ಸೊರಗಿತು. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಇಂಗ್ಲಿಷರು ಎರಡು ಸಲ ತರಂಗಂಬಾಡಿಯನ್ನು ಹಿಡಿದರು. ಎರಡನೆಯ ಸಲ 1808ರಿಂದ 1815ರವರೆಗೆ ತಮ್ಮಲ್ಲೇ ಇಟ್ಟುಕೊಂಡರು. ಹಿಂತಿರುಗಿ ಬಂದ ಮೇಲೂ ವ್ಯಾಪಾರ ಚೇತರಿಸಲಿಲ್ಲ. 1845ರಲ್ಲಿ ಡೆನ್ಮಾರ್ಕ್ ತನ್ನ ಭಾರತದ ನೆಲೆಗಳನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷ್ ಕಂಪೆನಿಗೆ ಮಾರಿತು. ಗೇಣಿಗೆ ಪಡೆದ ನೆಲ ಕ್ರಯಕ್ಕೆ ಹೋಯಿತು. ಊರಿನವರನ್ನು ಯಾರೂ ಕೇಳಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅದೇ ಕ್ರಯಪತ್ರದಲ್ಲಿ ಬಂಗಾಳದ ಶ್ರೀರಾಂಪುರವೂ ಸೇರಿತ್ತು. ಈ ಹೆಸರು ಬಂದಾಗ ಕನ್ನಡಿಗರು ಒಂದು ಕ್ಷಣ ನಿಲ್ಲಬೇಕು. ಇಂಗ್ಲಿಷ್ ಕಂಪೆನಿ ತನ್ನ ಆಡಳಿತದ ನೆಲದಲ್ಲಿ ಪಾದ್ರಿಗಳಿಗೆ ಎಡೆಗೊಡದಿದ್ದ ಕಾಲದಲ್ಲಿ ವಿಲಿಯಂ ಕೇರಿ ಆಶ್ರಯ ಪಡೆದದ್ದು ಡೇನರ ಧ್ವಜವಿದ್ದ ಆ ಊರಿನಲ್ಲಿ. ಅಲ್ಲಿಯ ಅಚ್ಚುಕೂಟದಿಂದಲೇ 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಹೊರಬಂತು. ಕನ್ನಡದ ಅಕ್ಷರಗಳು ಮೊದಮೊದಲು ಅಚ್ಚಿನ ರೂಪ ತಳೆದ ಊರುಗಳಲ್ಲಿ ಡೇನರ ಆಡಳಿತದ ಊರೂ ಒಂದು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಐ.ಬಿ. ಆದ ಕೋಟೆ

ಮಾರಾಟವಾದ ನಂತರ ಕೋಟೆಗೆ ಸೈನಿಕ ಮಹತ್ವ ಉಳಿಯಲಿಲ್ಲ. ಅದಕ್ಕೂ ಮೊದಲೇ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಗವರ್ನರರ ವಾಸ ಕೋಟೆಯಿಂದ ಎದುರಿನ ಬಂಗಲೆಗೆ ಬದಲಾಗಿತ್ತು. ನಾಗಪಟ್ಟಿಣಕ್ಕೆ ರೈಲು ಬಂದ ಮೇಲೆ ವ್ಯಾಪಾರವೂ ಆ ಕಡೆ ಸರಿಯಿತು. ಕಡಲ ಗಾಳಿ, ನೋಡಲು ಚೆಂದದ ಜಾಗ, ದಪ್ಪ ಗೋಡೆಗಳ ತಂಪು: ಇವೆಲ್ಲ ಇರುವ ಕಟ್ಟಡಕ್ಕೆ ಸರ್ಕಾರ ಒಂದು ಉಪಯೋಗ ಕಂಡುಕೊಂಡಿತು. ಕೋಟೆ ಐ.ಬಿ. ಆಯಿತು. ಪ್ರವಾಸದ ಮೇಲೆ ಬಂದ ಅಧಿಕಾರಿಗಳು ತಂಗುವ ಬಂಗಲೆಯಾಗಿ ಅದು ಸ್ವಾತಂತ್ರ್ಯದ ನಂತರವೂ, 1970ರ ದಶಕದವರೆಗೆ ಮುಂದುವರಿಯಿತು.

ಕೋಟೆಯನ್ನು ಐ.ಬಿ. ಮಾಡಿದರೆಂದು ನಗುವ ಮುನ್ನ ಯೋಚಿಸಬೇಕಾದ ವಿಷಯವೊಂದಿದೆ. ಉಪಯೋಗವಿಲ್ಲದ ಕಟ್ಟಡ ಉಳಿಯುವುದಿಲ್ಲ. ಬೀಗ ಹಾಕಿದ ಮನೆಯ ಸೂರಿನಲ್ಲಿ ಅರಳಿ ಗಿಡ ಬೇರು ಬಿಡುತ್ತದೆ. ಸೋರುವ ಜಾಗವನ್ನು ನೋಡುವವರಿರುವುದಿಲ್ಲ. ಕಿಟಕಿಯ ಮರ, ನೆಲದ ಕಲ್ಲು ಒಂದೊಂದಾಗಿ ಬೇರೆಯವರ ಮನೆ ಸೇರುತ್ತವೆ. ತರಂಗಂಬಾಡಿಯ ಬೀದಿಗಳಲ್ಲಿ ಡೇನರ ಕಾಲದ ಹಲವು ಮನೆಗಳಿಗೆ ಆದದ್ದು ಇದೇ. ಆದರೆ ಐ.ಬಿ.ಗೆ ಒಬ್ಬ ಕಾವಲುಗಾರನಿರುತ್ತಾನೆ, ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಾರೆ, ಸಾಹೇಬರು ಬರುವ ಮುನ್ನ ಸೋರುವ ಸೂರನ್ನು ಮುಚ್ಚುತ್ತಾರೆ. ಇತಿಹಾಸದ ಮೇಲಿನ ಪ್ರೀತಿಯಿಂದಲ್ಲದಿದ್ದರೂ, ಉಪಯೋಗದ ದೆಸೆಯಿಂದ ಕೋಟೆ ಬದುಕಿತು. ನಮ್ಮ ನಾಡಿನ ಎಷ್ಟೋ ಕೋಟೆ ಅರಮನೆಗಳು ಕಚೇರಿ, ಶಾಲೆ, ಜೈಲುಗಳಾಗಿ ಇದೇ ಬಗೆಯಲ್ಲಿ ಉಳಿದಿವೆ.

1970ರ ದಶಕದ ಕೊನೆಯಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ಕೋಟೆಯನ್ನು ವಹಿಸಿಕೊಂಡು ಅಲ್ಲಿ ಮ್ಯೂಸಿಯಂ ತೆರೆಯಿತು. ಈ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ತರಂಗಂಬಾಡಿ ಅಭಿಮಾನಿಗಳ ಸಂಘದ ನೆರವಿನಿಂದ ಕೋಟೆಯ ದುರಸ್ತಿ ನಡೆಯಿತು. ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಊರಿನ ಇತಿಹಾಸದ ಅಧ್ಯಯನವನ್ನು, ಗವರ್ನರ್ ಬಂಗಲೆಯ ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡಿತು. ಹಿಂದೆ ಮೆಣಸಿಗಾಗಿ ಬಂದವರ ಮೊಮ್ಮಕ್ಕಳು ಗಾರೆ ಕೆಲಸಕ್ಕಾಗಿ ಬಂದರೆನ್ನಿ.

ಗಾಜಿನ ಪೆಟ್ಟಿಗೆಯಲ್ಲಿ ಇರುವುದು, ಇಲ್ಲದ್ದು

ಮ್ಯೂಸಿಯಂ ದೊಡ್ಡದೇನಲ್ಲ. ಪಿಂಗಾಣಿ ಪಾತ್ರೆಗಳು, ಚೀನಾದ ಚಹಾ ಭರಣಿಗಳು, ಗಾಜಿನ ಸಾಮಾನು, ಬಳಪದ ಕಲ್ಲಿನ ದೀಪಗಳು, ಸುಟ್ಟ ಮಣ್ಣಿನ ಗೊಂಬೆಗಳು, ಕತ್ತಿ ಕಠಾರಿ ಭಲ್ಲೆಗಳು, ಸಣ್ಣ ಫಿರಂಗಿ ಗುಂಡುಗಳು, ಡೇನರ ಕಾಲದ ಬರಹಗಳು, ಕೆಲವು ಶಿಲ್ಪಗಳು, ತಿಮಿಂಗಿಲದ ಅಸ್ಥಿಯ ಒಂದು ಭಾಗ. ಶಾಲೆಯ ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ತಿಮಿಂಗಿಲದ ಮುಂದೆಯೇ ಇರಬೇಕು. ಕೆಳಗಿನ ಅಂತಸ್ತಿನ ಕೋಣೆಗಳು ತಾವೇ ಪ್ರದರ್ಶನದ ವಸ್ತುಗಳು. ಉಗ್ರಾಣ ಯಾವುದು, ಸೆರೆಮನೆ ಯಾವುದು ಎಂದು ನಡೆದಾಡಿಯೇ ತಿಳಿದುಕೊಳ್ಳಬಹುದು. ರಾಜಧಾನಿಗಳ ದೊಡ್ಡ ಮ್ಯೂಸಿಯಮ್ಮುಗಳಿಗೆ ಇಲ್ಲದ ಅನುಕೂಲ ಇದು. ಅಲ್ಲಿ ವಸ್ತುಗಳನ್ನು ಅವು ಹುಟ್ಟಿದ ಜಾಗದಿಂದ ಕಿತ್ತು ತಂದಿರುತ್ತಾರೆ. ಇಲ್ಲಿ ಚಹಾ ಭರಣಿ ಇಳಿದ ದಂಡೆ ಕಿಟಕಿಯಾಚೆಯೇ ಕಾಣುತ್ತದೆ.

ಆದರೆ ಈ ವಸ್ತುಗಳಲ್ಲಿ ಹೆಚ್ಚಿನವು ಕೋಟೆಯ ಒಳಗಿದ್ದವರ ಕಥೆ ಹೇಳುತ್ತವೆ. ಹೊರಗಿದ್ದವರ ಕಥೆ ಅಷ್ಟು ಸುಲಭವಾಗಿ ಗಾಜಿನ ಪೆಟ್ಟಿಗೆಗೆ ಸೇರುವುದಿಲ್ಲ. ಬಟ್ಟೆ ನೇಯ್ದ ಮಗ್ಗದವರು, ತಮಿಳಿನಲ್ಲಿ ಲೆಕ್ಕ ಬರೆದ ಕರಣಿಕರು, ಅಲೆ ದಾಟಿ ಹಡಗಿನವರೆಗೆ ಸರಕು ಸಾಗಿಸಿದ ದೋಣಿಯವರು, ಸೀಗನ್‌ಬಾಲ್ಗನಿಗೆ ತಮಿಳು ಕಲಿಸಿದ ಉಪಾಧ್ಯಾಯರು, ಹಡಗಿಗೆ ಹತ್ತಿಸಲಾದ ಗುಲಾಮರು: ಇವರಾರೂ ಪಿಂಗಾಣಿ ಪಾತ್ರೆ ಬಿಟ್ಟುಹೋಗಲಿಲ್ಲ. ಕೋಟೆಯನ್ನು ಡೇನರ ಸ್ಮಾರಕವೆಂದು ಮಾತ್ರ ಕಂಡರೆ ಮ್ಯೂಸಿಯಮ್ಮು ಹಳೆಯ ಕಂದಕವನ್ನು ಮತ್ತೆ ತೋಡಿದಂತೆಯೇ. ಊರಿನ ಮ್ಯೂಸಿಯಂ ಎನ್ನಿಸಿಕೊಳ್ಳಬೇಕಾದರೆ ಊರಿನವರು ಅದರಲ್ಲಿ ತಮ್ಮ ಹಿರಿಯರನ್ನು ಕಾಣುವಂತಿರಬೇಕು. ಸಡಂಗನ್‌ಪಾಡಿಯ ಶಾಸನದಿಂದ ಕಥೆ ಆರಂಭಿಸಿದರೆ ಡೇನರು ಅದರಲ್ಲಿ ಒಂದು ಅಧ್ಯಾಯವಾಗುತ್ತಾರೆ. 1620ರಿಂದ ಆರಂಭಿಸಿದರೆ ಊರೇ ಡೇನರ ಅನುಬಂಧವಾಗುತ್ತದೆ. ಯಾವ ವರ್ಷದಿಂದ ಕಥೆ ಶುರು ಮಾಡುತ್ತೇವೆ ಎಂಬುದರಲ್ಲೇ ಅರ್ಧ ತೀರ್ಪು ಅಡಗಿರುತ್ತದೆ.

ಕಡಲೆಂಬ ಶತ್ರು

ಇನ್ನೊಂದು ಗಂಡಾಂತರ ಯಾವ ಸೇನೆಯಿಂದಲೂ ಬರುವುದಲ್ಲ. ತರಂಗಂಬಾಡಿಯ ದಂಡೆಯನ್ನು ಕಡಲು ಶತಮಾನಗಳಿಂದ ಕೊರೆಯುತ್ತಿದೆ. ಮಾಸಿಲಾಮಣಿನಾಥ ದೇವಾಲಯದ ಬಹುಭಾಗವನ್ನು ಅದು ನುಂಗಿತು. ಕೋಂಗ್ಸ್‌ಬಕ್ಕೆ ಎತ್ತಿಸಿದ ಊರ ಗೋಡೆಯ ಕಡಲ ಕಡೆಯ ಭಾಗವೂ ಉಳಿಯಲಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ತಮಿಳುನಾಡಿನಲ್ಲಿ ಸುಮಾರು 8,000 ಮಂದಿ ಸತ್ತರು. ಅವರಲ್ಲಿ ಬಹುಪಾಲು ಜನ ಆಗಿನ ನಾಗಪಟ್ಟಿಣಂ ಜಿಲ್ಲೆಯವರು. ತರಂಗಂಬಾಡಿ ಆಗ ಆ ಜಿಲ್ಲೆಯಲ್ಲಿತ್ತು, 2020ರಿಂದ ಮಯಿಲಾಡುತುರೈ ಜಿಲ್ಲೆಗೆ ಸೇರಿದೆ. ಕೋಟೆ ನಿಂತಿತು, ಪಕ್ಕದ ಮೀನುಗಾರರ ಕೇರಿ ನಿಲ್ಲಲಿಲ್ಲ. ಎರಡಕ್ಕೂ ನಡುವಿನ ಅಂತರ ಕೆಲವೇ ಮಾರು.

ಸುನಾಮಿಯ ನಂತರ ದಂಡೆಗೆ ಬಂಡೆಗಳನ್ನು ಒಟ್ಟಿದರು. ಹಳೆಯ ಮನೆಗಳನ್ನು ರಿಪೇರಿ ಮಾಡುವ ಕೆಲಸದಲ್ಲಿ ಇನ್‌ಟ್ಯಾಕ್ ಸಂಸ್ಥೆ ಊರಿನ ಗಾರೆಯವರನ್ನೂ ಬಡಗಿಗಳನ್ನೂ ತೊಡಗಿಸಿತು. ಕಡಲಿನ ಬದುಕಿಗೆ ಮೀಸಲಾದ ಇನ್ನೊಂದು ಸಣ್ಣ ಮ್ಯೂಸಿಯಂ ಕೂಡ ಊರಿನಲ್ಲಿ ಹುಟ್ಟಿಕೊಂಡಿತು. ಆಗ ಕೆಲವರು ಕೇಳಿದ ಪ್ರಶ್ನೆ ಕಟುವಾದರೂ ನ್ಯಾಯವಾದದ್ದು: ಸತ್ತವರ ಕೋಟೆಗೆ ಹಣವಿದೆ, ಬದುಕಿದವರ ಗುಡಿಸಲಿಗೆ ಇಲ್ಲವೇ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಕೋಟೆಯ ದುರಸ್ತಿಯಿಂದ ಊರಿನ ಗಾರೆಯವನಿಗೆ ಕೂಲಿ, ಸುಣ್ಣ ಬೇಯಿಸುವವನಿಗೆ ಕೆಲಸ, ಮೀನುಗಾರರ ಮನೆಯ ಹುಡುಗಿಗೆ ಮ್ಯೂಸಿಯಮ್ಮಿನಲ್ಲಿ ಒಂದು ಜಾಗ ಸಿಕ್ಕಾಗ ಪ್ರಶ್ನೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ಸಿಗದಿದ್ದರೆ ಅದು ಚುಚ್ಚುತ್ತಲೇ ಇರುತ್ತದೆ, ಚುಚ್ಚಬೇಕಾದದ್ದೇ.

ಕರ್ನಾಟಕದಲ್ಲೂ ಕೋಟೆಯೊಳಗಿನ ಮ್ಯೂಸಿಯಮ್ಮುಗಳಿಗೆ ಕೊರತೆಯಿಲ್ಲ. ಮಡಿಕೇರಿ ಕೋಟೆಯ ಹಳೆಯ ಚರ್ಚಿನಲ್ಲಿ ಒಂದಿದೆ, ಬೀದರ್ ಕೋಟೆಯ ರಾಜಸ್ನಾನಗೃಹದಲ್ಲಿ ಒಂದಿದೆ, ವಿಜಯಪುರದಲ್ಲಿ ಗೋಲಗುಮ್ಮಟದ ನಗಾರಖಾನೆಯೇ ಮ್ಯೂಸಿಯಂ ಆಗಿದೆ. ಇನ್ನೂ ಎಷ್ಟೋ ಕೋಟೆಗಳಲ್ಲಿ ಕಚೇರಿಗಳು ಖಾಲಿಯಾದಾಗ ಇಲ್ಲೊಂದು ವಸ್ತುಸಂಗ್ರಹಾಲಯ ಮಾಡಬೇಕೆಂಬ ಬೇಡಿಕೆ ಏಳುತ್ತದೆ. ಬೇಡಿಕೆ ಒಳ್ಳೆಯದೇ. ಅದನ್ನು ಮುಂದಿಡುವವರು ತರಂಗಂಬಾಡಿಯಿಂದ ಕಲಿಯಬಹುದಾದದ್ದು ಮೂರು. ಕಟ್ಟಡ ಖಾಲಿ ಬಿದ್ದಿರುವ ವರ್ಷಗಳು ಆದಷ್ಟು ಕಡಿಮೆಯಿರಲಿ, ಏಕೆಂದರೆ ಮುತ್ತಿಗೆಗಿಂತ ಹೆಚ್ಚು ಕೋಟೆಗಳು ಬೀಗದಿಂದ ಬಿದ್ದಿವೆ. ಕಥೆಯನ್ನು ಕೋಟೆ ಕಟ್ಟಿದವನಿಂದಲ್ಲ, ಊರಿನಿಂದ ಆರಂಭಿಸಲಿ. ರಿಪೇರಿಯ ಕೆಲಸದಲ್ಲೂ ನಿರ್ವಹಣೆಯಲ್ಲೂ ಊರಿನವರಿಗೆ ಪಾಲಿರಲಿ.

ಡಾನ್ಸ್‌ಬೋರ್ಗಿನ ಎರಡು ಫಿರಂಗಿಗಳು ಈಗಲೂ ಕಡಲಿಗೆ ಮುಖ ಮಾಡಿವೆ. ಅವುಗಳ ಮೇಲೆ ಹತ್ತಿ ಕೂರುವ ಮಕ್ಕಳು ಯಾವ ಊರಿನವರು ಎಂದು ಕೇಳಿದಾಗ ಅವರಲ್ಲಿ ಹೆಚ್ಚಿನವರು ‘ಇದೇ ಊರಿನವರು’ ಎನ್ನುವಂತಾದರೆ, ಕೋಟೆ ತನ್ನ ಹೊಸ ಕೆಲಸವನ್ನು ಚೆನ್ನಾಗಿ ಕಲಿತಿದೆ ಎಂದು ಭಾವಿಸಬಹುದು.